ವರ್ಷಕ್ಕೆ ಒಂದೇ ಮಾತು

ಆ ಊರಿನಲ್ಲಿ ಕಾಲ್ಚೆಂಡಿನ ಆಟವನ್ನು ನೀರಿಲ್ಲದ ಕಲ್ಯಾಣಿಯ ತಳದಲ್ಲಿ ಆಡುತ್ತಿದ್ದರು. ನೀರು ಯಾವಾಗ ಹೋಯಿತೆಂಬುದು ಯಾರಿಗೂ ನೆನಪಿರಲಿಲ್ಲ. ಸ್ನಾನಕ್ಕೆಂದು ಕಟ್ಟಿದ ಮೆಟ್ಟಿಲುಗಳು ಮಾತ್ರ ನಾಲ್ಕೂ ಕಡೆ ಉಳಿದಿದ್ದವು. ಊರಿನವರು ಅವುಗಳ ಮೇಲೆ ಕುಳಿತು ಆಟ ನೋಡುತ್ತಿದ್ದರು. ನೋಡುವಾಗ ಮಾತನಾಡುವಂತಿರಲಿಲ್ಲ. ಗೋಲು ಬಿದ್ದರೂ ಇಲ್ಲ, ಚೆಂಡು ಬಂದು ಎದೆಗೆ ಬಡಿದರೂ ಇಲ್ಲ. ಕಲ್ಯಾಣಿಯ ಒಳಗೆ ಊರಿಗೆ ವರ್ಷಕ್ಕೆ ಒಂದೇ ಮಾತು.

ಆ ಮಾತನ್ನು ವರ್ಷದ ಕೊನೆಯ ಆಟದ ವಿರಾಮದಲ್ಲಿ ಎಲ್ಲರೂ ಎದ್ದು ನಿಂತು ಒಟ್ಟಿಗೆ ಹೇಳಬೇಕು. ಸೋತ ಮೇಲೆ ಆಡಿದ ಮಾತಿನಲ್ಲಿ ಬರೀ ಸಿಟ್ಟಿರುತ್ತದೆ, ಗೆದ್ದ ಮೇಲೆ ಆಡಿದ್ದರಲ್ಲಿ ಬರೀ ಮದವಿರುತ್ತದೆ ಎಂದು ಹಿಂದಿನವರು ವಿರಾಮವನ್ನು ಆರಿಸಿದ್ದರು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕುಳಿತ ಕೇಳುವಾತ ಅದನ್ನು ಕೇಳಿ ಬರೆದುಕೊಳ್ಳುತ್ತಿದ್ದ. ತಂಡವನ್ನು ಆಡಿಸುವ ಯಜಮಾನರು ಒಬ್ಬರಿದ್ದರು, ಆಡಿಸುವವರು ಎಂದೇ ಅವರಿಗೆ ಹೆಸರು. ಅವರು ಆ ಕ್ಷಣದಿಂದ ಮುಂದಿನ ವರ್ಷದ ಅದೇ ಕ್ಷಣದವರೆಗೆ ಅದರಂತೆ ನಡೆಯುತ್ತಿದ್ದರು. ಊರಿನ ಮಾತನ್ನು ಅವರು ಒಮ್ಮೆಯೂ ಮೀರಿರಲಿಲ್ಲ. ಊರಿನ ಕಷ್ಟ ಇದ್ದದ್ದೇ ಅಲ್ಲಿ.

ಹನ್ನೆರಡು ವರ್ಷಗಳಿಂದ ಊರು ಹೇಳುತ್ತಿದ್ದ ಮಾತು ಒಂದೇ: ಸಾಕು.

ಹನ್ನೆರಡು ವರ್ಷಗಳಿಂದ ಆಡುತ್ತಿದ್ದವರೂ ಅದೇ ಹನ್ನೊಂದು ಮಂದಿ. ಗೋಲು ಕಾಯುವವನಿಗೆ ಚೆಂಡು ಹತ್ತಿರ ಬಂದ ಮೇಲೆ ಕಾಣುತ್ತಿತ್ತು. ಅಷ್ಟರಲ್ಲಿ ಅದು ಬಲೆಯೊಳಗಿರುತ್ತಿತ್ತು. ಬಲಗಾಲಿನಲ್ಲಿ ಮಾತ್ರ ಜೀವವಿದ್ದ ಓಟಗಾರನನ್ನು ಎಡಬದಿಗೆ ನಿಲ್ಲಿಸಿದ್ದರು. ಮುಂದೆ ಆಡುವವಳು ಹೊಡೆದ ಚೆಂಡು ಯಾವಾಗಲೂ ಏಳನೆಯ ಮೆಟ್ಟಿಲಿಗೆ ಹೋಗಿ ಬೀಳುತ್ತಿತ್ತು. ಊರಿನವರು ಅಷ್ಟು ಜಾಗವನ್ನು ಬಿಟ್ಟು ಕೂರುವುದನ್ನು ಕಲಿತಿದ್ದರು. ಚೆಂಡು ಹೋಗುತ್ತಿತ್ತು, ಚೆಂಡು ಬರುತ್ತಿತ್ತು, ಊರು ನೋಡುತ್ತಿತ್ತು. ಹೊರಗಿನಿಂದ ಬಂದ ತಂಡಗಳು ಗೆದ್ದು, ಕೈಮುಗಿದು, ನೀರು ಕುಡಿದು ಹೋಗುತ್ತಿದ್ದವು.

ಊರಿನವರಲ್ಲಿ ಒಬ್ಬಳಿಗೆ ನೋಡುವವಳು ಎಂದು ಹೆಸರು. ಎಲ್ಲರೂ ನೋಡುತ್ತಿರುವಾಗ ಅವಳೊಬ್ಬಳಿಗೇ ಆ ಹೆಸರು ಬರಲು ಕಾರಣವಿತ್ತು. ಗೋಲು ಬೀಳುವ ಕ್ಷಣದಲ್ಲಿ ಊರೆಲ್ಲ ಮುಖ ತಿರುಗಿಸುತ್ತಿತ್ತು; ಅವಳು ತಿರುಗಿಸುತ್ತಿರಲಿಲ್ಲ. ಯಾರು ಯಾವ ಕಾಲನ್ನು ಎಷ್ಟು ತಡವಾಗಿ ಎತ್ತಿದರು, ಯಾರು ಯಾರ ಬೆನ್ನ ಹಿಂದೆ ಅಡಗಿದರು ಎಂಬುದೆಲ್ಲ ಅವಳಿಗೆ ನೆನಪಿರುತ್ತಿತ್ತು. ಕಲ್ಯಾಣಿಯ ಹೊರಗೆ ಬಂದ ಮೇಲೆ ಒಂದನ್ನೂ ಬಿಡದೆ, ದನಿಯೇರಿಸದೆ ಹೇಳುತ್ತಿದ್ದಳು. ಕೇಳಿದವರು ಹೌದು ಎನ್ನುತ್ತಿದ್ದರು. ಹೌದು ಎಂದು ಮನೆಗೆ ಹೋಗುತ್ತಿದ್ದರು. ಕಲ್ಯಾಣಿಯ ಹೊರಗೆ ಆಡಿದ್ದೆಲ್ಲ ಹರಟೆ. ಅದಕ್ಕೆ ಕಿವಿಗೊಡುವ ಅಧಿಕಾರ ಯಾರಿಗೂ ಇರಲಿಲ್ಲ.

ಅವಳ ಅಕ್ಕ ಹಲಗೆಯವಳು. ಗೆರೆಯ ಹೊರಗೆ ಒಂದು ಹಲಗೆಯಿತ್ತು. ಹನ್ನೊಂದು ಮಂದಿಯಲ್ಲಿ ಒಬ್ಬರು ಹೊರಬಂದರೆ ಒಳಗೆ ಹೋಗಬೇಕಾದವರು ಅದರ ಮೇಲೆ ಕೂರಬೇಕು. ಯಾರೂ ಹೊರಬಂದಿರಲಿಲ್ಲ. ಪ್ರತಿ ಆಟದ ದಿನ ಅಕ್ಕ ಮಿಂದು, ಜಡೆಯನ್ನು ಬಿಗಿಯಾಗಿ ಹೆಣೆದು, ಬೂಟಿನ ದಾರವನ್ನು ಎರಡೆರಡು ಸಲ ಕಟ್ಟಿ ಹೋಗಿ ಕೂರುತ್ತಿದ್ದಳು. ಆಟ ಮುಗಿದ ಮೇಲೆ ದಾರ ಬಿಚ್ಚಿ, ಮಣ್ಣು ಹತ್ತದ ಬೂಟನ್ನು ಒರೆಸಿ ಇಡುತ್ತಿದ್ದಳು. ಹಲಗೆಗೆ ಹದಿಮೂರು ವರ್ಷದ ಮಿತಿ. ಅಕ್ಕನಿಗೆ ಇದು ಹದಿಮೂರನೆಯ ವರ್ಷ. ನಾಳೆ ವರ್ಷದ ಕೊನೆಯ ಆಟ. ನಾಳೆ ಒಳಗೆ ಹೋಗದಿದ್ದರೆ ಅವಳು ಇನ್ನೆಂದೂ ಹೋಗುವಂತಿರಲಿಲ್ಲ.

ಆದ್ದರಿಂದ ನೋಡುವವಳು ಆ ಬೆಳಿಗ್ಗೆ ಕೇಳುವಾತನ ಮನೆಗೆ ಹೋದಳು.

ಕೇಳುವಾತ ಜಗುಲಿಯ ಮೇಲೆ ಕುಳಿತು ಲೇಖನಿಯ ಮೂತಿ ಒರೆಸುತ್ತಿದ್ದ. ಕಿವಿಯಲ್ಲಿ ಹತ್ತಿಯಿತ್ತು. ವರ್ಷವೆಲ್ಲ ಹತ್ತಿಯಿಟ್ಟುಕೊಂಡು, ಆ ಒಂದು ಮಾತಿಗೆ ಮಾತ್ರ ಅದನ್ನು ತೆಗೆಯುವುದು ಅವನ ನೇಮ.

"ಬಾ ತಾಯಿ, ಏನು ಬಂದೆ? ಸ್ವಲ್ಪ ಗಟ್ಟಿಯಾಗಿ ಹೇಳು," ಎಂದ.

"ಹನ್ನೆರಡು ವರ್ಷದಿಂದ ಊರು ಸಾಕು ಎನ್ನುತ್ತಿದೆ. ನೀವು ಬರೆದುಕೊಂಡಿದ್ದೀರಾ?"

"ಅಯ್ಯೋ, ಬರೆಯದೆ ಇರ್ತೀನಾ? ನೋಡು."

ಪುಸ್ತಕ ತೆರೆದ. ಒಂದು ಪುಟಕ್ಕೆ ಒಂದು ಮಾತು. ಸಾಕು. ಸಾಕು. ಸಾಕು. ಅಕ್ಷರಗಳು ದುಂಡಗೆ, ತಪ್ಪಿಲ್ಲದೆ ಇದ್ದವು. ಪ್ರತಿ ಮಾತಿನ ಕೆಳಗೆ ಸಣ್ಣಕ್ಷರದಲ್ಲಿ ಅರ್ಥ ಬರೆದಿತ್ತು. ನೋಡುವವಳು ಬಾಗಿ ಓದಿದಳು: ಸಾಕು, ಎಂದರೆ ಪೋಷಿಸು, ಉಣಿಸಿ ತಿನಿಸಿ ಕಾಪಾಡು.

ಅವಳು ಬಹಳ ಹೊತ್ತು ಆ ಪುಟವನ್ನು ನೋಡಿದಳು. ಸಿಟ್ಟು ಬರಬೇಕಿತ್ತು. ಬಂದದ್ದು ಬಳಲಿಕೆ.

"ಇದನ್ನು ಯಾರು ಬರೆದರು?"

"ಅರ್ಥ ಬರೆಯೋದು ಆಡಿಸುವವರು. ನಾನು ಕೇಳುವವನು ಅಷ್ಟೇ. ಯಾಕಮ್ಮ, ತಪ್ಪಿದೆಯಾ? ಹಸು ಸಾಕು, ಮಗು ಸಾಕು ಅಂತೀವಲ್ಲ?"

"ಇನ್ನು ಸಾಕು ಅಂತಲೂ ಅಂತೀವಲ್ಲ?"

ಕೇಳುವಾತ ತಲೆ ಕೆರೆದುಕೊಂಡ. "ಅಂತೀವಿ. ಆದರೆ ಅಷ್ಟು ಜನ ಎದ್ದು ನಿಂತು, ಗಂಟಲು ಹರಿಯೋ ಹಾಗೆ ಕೂಗಿದರೆ ಅದು ಬೇಡಿಕೆ ತಾನೇ? ಆಡಿಸುವವರಿಗೆ ಕಣ್ಣಲ್ಲಿ ನೀರು ಬಂದಿತ್ತು, ಮೊದಲನೇ ವರ್ಷ."

"ನಾಳೆ ಬೇರೆ ಮಾತು ಹೇಳುತ್ತೇವೆ. ಬೇಡ ಎನ್ನುತ್ತೇವೆ."

"ನಮ್ಮ ತಾತನ ಕಾಲದಲ್ಲಿ ಹೇಳಿದ್ದರು," ಎಂದು ಅವನು ಹಿಂದಿನ ಪುಟಗಳನ್ನು ತಿರುವಿದ. "ಇಲ್ಲಿದೆ. ಬೇಡ, ಎಂದರೆ ಬೇಟೆಗಾರ. ಊರಿಗೆ ಬೇಟೆಗಾರನಂಥ ಆಟಗಾರ ಬೇಕಂತೆ ಅಂತ ಆಗಿನ ಆಡಿಸುವವರು ಒಬ್ಬ ಬೇಟೆಗಾರನನ್ನೇ ಕರೆಸಿದರು. ಅವನು ಚೆಂಡಿಗೆ ಬಾಣ ಬಿಟ್ಟ."

"ನಿಲ್ಲಿಸು ಎಂದರೆ?"

"ಅದೂ ಆಗಿದೆ. ಹನ್ನೊಂದು ಮಂದಿಯನ್ನೂ ವರ್ಷ ಪೂರ್ತಿ ಒಂದೊಂದು ಜಾಗದಲ್ಲಿ ನಿಲ್ಲಿಸಿದರು. ಯಾರೂ ಓಡಲಿಲ್ಲ. ಈಗಲೂ ಕೆಲವರಿಗೆ ಆ ಅಭ್ಯಾಸ ಹೋಗಿಲ್ಲ, ನೀನೇ ನೋಡ್ತೀಯಲ್ಲ."

"ಬದಲಿಸು?"

"ಅಂಗಿ ಬದಲಿಸಿದರು. ಮೊದಲು ಕೆಂಪಿತ್ತು."

ನೋಡುವವಳು ಪುಸ್ತಕ ಮುಚ್ಚಿದಳು. ಕೇಳುವಾತ ಕಳಕಳಿಯಿಂದ ಅವಳ ಮುಖ ನೋಡಿ, "ಮಜ್ಜಿಗೆ ತರಲಾ ತಾಯಿ?" ಎಂದ. ಬೇಡ ಎನ್ನಲು ಬಾಯಿ ತೆರೆದವಳು, ತಲೆಯಲ್ಲಾಡಿಸಿ ಎದ್ದಳು.

ಆಡಿಸುವವರು ಕಲ್ಯಾಣಿಯ ಬಾಗಿಲ ಬಳಿ ಸುಣ್ಣ ಕಲಸುತ್ತಿದ್ದರು. ಗೆರೆಗಳನ್ನು ಅವರೇ ಎಳೆಯುತ್ತಿದ್ದರು. ಇನ್ನೊಬ್ಬರು ಎಳೆದರೆ ಸೊಟ್ಟಗಾಗುತ್ತದೆ ಎಂದು. ಬೆನ್ನು ಬಾಗಿತ್ತು. ಕಣ್ಣಿನ ಕೆಳಗಿನ ಚರ್ಮ ಜೋತುಬಿದ್ದಿತ್ತು. ನೋಡುವವಳು ಹನ್ನೆರಡು ವರ್ಷ ದೂರದಿಂದ ದ್ವೇಷಿಸಿದ ಮನುಷ್ಯ ಹತ್ತಿರದಿಂದ ತೀರಾ ಮುದುಕರಾಗಿದ್ದರು.

"ಯಜಮಾನರೇ, ಊರು ಹೇಳಿದ್ದು ಪೋಷಿಸು ಎಂದಲ್ಲ. ಇಷ್ಟಕ್ಕೆ ಮುಗಿಸಿ ಎಂದು."

ಅವರ ಕೈ ನಿಂತಿತು. "ಹಾಗಂತ ನಿಂಗೆ ಯಾರು ಹೇಳಿದರು ಮಗಳೇ?" ಎಂದರು.

"ಯಾರೂ ಹೇಳಬೇಕಾಗಿಲ್ಲ. ನಾನೂ ಕೂಗಿದ್ದೇನೆ."

"ನೀನು ಒಬ್ಬಳು. ಅವರು ಒಂದೂರು." ಸುಣ್ಣದ ಕೈಯಿಂದಲೇ ಅವರು ಹಣೆ ಒರೆಸಿಕೊಂಡರು. "ನೀನು ಹೇಳಿದ್ದು ನಿಜವಾಗಿದ್ದರೆ ಅಂತ ಆಸೆ ಆಗ್ತಿದೆ ನೋಡು. ಪ್ರತಿ ವರ್ಷ ವಿರಾಮ ಬಂದಾಗ ಅಂದ್ಕೋತೀನಿ, ಈ ಸಲ ಇವರು ನನ್ನನ್ನ ಬಿಟ್ಟುಬಿಡ್ತಾರೆ ಅಂತ. ಮತ್ತೆ ಅದೇ ಕೂಗು. ಇವರನ್ನ ಸಾಕು, ಇವರನ್ನ ಸಾಕು. ಆ ಹನ್ನೊಂದು ಜನಕ್ಕೂ ಸಾಕಾಗಿದೆ. ಏನು ಮಾಡಲಿ? ಊರು ಹೇಳಿತು, ಸಾಕ್ತಿದ್ದೀನಿ."

"ನಾಳೆ ಒಂದು ದಿನ ನಮ್ಮ ಅಕ್ಕನನ್ನು ಇಳಿಸಿ. ಅರ್ಧ ಆಟ ಸಾಕು." ಆ ಪದ ತನ್ನ ಬಾಯಿಂದಲೂ ಬಂದದ್ದು ಕೇಳಿ ಅವಳು ನಾಲಗೆ ಕಚ್ಚಿಕೊಂಡಳು.

"ಒಬ್ಬರನ್ನ ಹೊರಗೆ ಹಾಕಿದರೆ ಸಾಕಿದ ಹಾಗೆ ಹೇಗಾಗುತ್ತೆ? ಊರಿನ ಮಾತು ಮೀರಿದ ಹಾಗಾಗುತ್ತೆ. ಕರೆಯೋದು ನನ್ನ ಕೈಲಿಲ್ಲ ಮಗಳೇ." ಅವರು ಮತ್ತೆ ಸುಣ್ಣ ಕಲಸತೊಡಗಿದರು.

ಸಂಜೆ ಮನೆಯಲ್ಲಿ ಅಕ್ಕ ಬೂಟಿಗೆ ಎಣ್ಣೆ ಹಚ್ಚುತ್ತಿದ್ದಳು. ನೋಡುವವಳು ನಡೆದದ್ದನ್ನೆಲ್ಲ ಹೇಳಿದಳು. ಅಕ್ಕ ಮೊದಲು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತಡೆಯಲಾಗದೆ ಬಿದ್ದು ಬಿದ್ದು ನಕ್ಕಳು.

"ನಗುವುದಕ್ಕೆ ಏನಿದೆ ಅಕ್ಕ ಇದರಲ್ಲಿ?"

"ನನ್ನ ಹೆಸರು ಏನೇ?"

ನೋಡುವವಳು ಆ ಹೆಸರನ್ನು ನೆನಪಿನಿಂದ ಹುಡುಕಿ ತೆಗೆಯಬೇಕಾಯಿತು. ಹಲಗೆಯವಳು ಎಂಬುದು ಹದಿಮೂರು ವರ್ಷದ ಬಳಕೆ. ಮನೆಯಲ್ಲಿ ಬರೀ ಅಕ್ಕ. ಅದರ ಹಿಂದೆ ಒಂದು ಹೆಸರಿತ್ತು. ಸಾಲಾಗಿ ನಾಲ್ಕು ಹೆಣ್ಣು ಹುಟ್ಟಿ, ಐದನೆಯದೂ ಹೆಣ್ಣಾದಾಗ, ಇನ್ನು ಹೆಣ್ಣು ಹುಟ್ಟದಿರಲಿ ಎಂದು ಅಪ್ಪ ಅಮ್ಮ ಹುಡುಕಿ ಇಟ್ಟ ಹೆಸರು.

"ಸಾಕಮ್ಮ," ಎಂದಳು.

"ಅಪ್ಪ ಏನಂತ ಕರೀತಿದ್ದರು?"

"ಸಾಕು."

"ಹಾಗೆ ಹೆಸರಿಟ್ಟ ಎರಡೇ ವರ್ಷಕ್ಕೆ ನೀನು ಹುಟ್ಟಿದೆ. ಆ ಮಾತು ಆವತ್ತೂ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ ಕಣೇ," ಎಂದು ಅಕ್ಕ ಮತ್ತೆ ನಕ್ಕಳು. ನಗು ತಾನಾಗಿ ನಿಂತಿತು. ಬೂಟಿನ ಮೂತಿಯ ಮೇಲೆ ಬೆರಳಾಡಿಸುತ್ತ ಹೇಳಿದಳು: "ಮೊದಲನೇ ವರ್ಷ ಅವರು ಕೂಗಿದಾಗ ನಾನು ಎದ್ದುಬಿಟ್ಟಿದ್ದೆ. ನೀನು ನೋಡಿರಲಿಕ್ಕಿಲ್ಲ, ನೀನೂ ಕಣದ ಕಡೆ ತಿರುಗಿ ಕೂಗ್ತಿದ್ದೆ. ಆಮೇಲೆ ಗೊತ್ತಾಯಿತು. ಹನ್ನೆರಡು ವರ್ಷ ಊರೆಲ್ಲ ನನ್ನ ಹೆಸರು ಕೂಗಿದೆ. ಒಬ್ಬರೂ ನನ್ನನ್ನ ಕರೆದಿಲ್ಲ."

"ನಾಳೆ ಕೂಗಿದಾಗ ಎದ್ದು ಒಳಗೆ ಹೋಗು ಅಕ್ಕ. ಊರಿನ ಮಾತು. ಯಾರೂ ತಡೆಯುವಂತಿಲ್ಲ."

"ಕರೆಯದೆ ಹೋಗಲ್ಲ. ಮಾತಿನ ಸಂದಿಯಲ್ಲಿ ನುಸುಳೋದಕ್ಕೆ ನಾನು ಹದಿಮೂರು ವರ್ಷ ಕೂತಿಲ್ಲ."

"ಕರೆದರೆ?"

ಅಕ್ಕ ಬೂಟನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೂಟಿನ ದಾರವನ್ನು ಬಿಚ್ಚಿ ಮತ್ತೆ ಪೋಣಿಸತೊಡಗಿದಳು.

ಮರುದಿನ ಬೆಳಿಗ್ಗೆ ನೋಡುವವಳು ಮನೆಮನೆಗೆ ಹೋದಳು. ಪ್ರತಿ ಬಾಗಿಲಲ್ಲೂ ಅದೇ ಮಾತು ಹೇಳಿದಳು: ಪದ ಅದೇ ಇರಲಿ, ಕೂಗುವಾಗ ಮುಖ ಹಲಗೆಯ ಕಡೆ ತಿರುಗಲಿ. ಅಲ್ಲಿ ಕುಳಿತವಳ ಹೆಸರು ಅದು. ಹೆಸರು ಹಿಡಿದು ಕರೆಯಿರಿ.

ಕೆಲವರು ಬಾಗಿಲು ತೆರೆದಷ್ಟೇ ಬೇಗ ಮುಚ್ಚಿದರು. ಕೆಲವರು ಹೌದೇ, ಅವಳಿಗೂ ಒಂದು ಹೆಸರಿದೆಯೇ ಎಂದರು. ಕಲ್ಯಾಣಿಯಲ್ಲಿ ಅವಳ ಪಕ್ಕದಲ್ಲಿ ಕೂರುವ ಅಜ್ಜ ಎಲೆ ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿಸಿಕೊಂಡರು.

"ಅಲ್ಲ ಕಣವ್ವ, ಅವಳು ಚೆನ್ನಾಗಿ ಆಡ್ತಾಳಾ?"

"ಗೊತ್ತಿಲ್ಲ ಅಜ್ಜ. ಯಾರೂ ನೋಡಿಲ್ಲ."

"ನೀನೂ ನೋಡಿಲ್ವಾ?"

"ನಾನೂ ನೋಡಿಲ್ಲ."

"ಮತ್ತೆ ಯಾಕೆ ಇಷ್ಟು ಒದ್ದಾಡ್ತೀಯ?"

"ಈ ಹನ್ನೊಂದು ಜನ ಹೇಗೆ ಆಡುತ್ತಾರೆ ಎಂಬುದು ಗೊತ್ತಿದೆ. ಅದಕ್ಕೆ."

ಅಜ್ಜ ಉಗುಳಿ, ಬಾಯಿ ಒರೆಸಿಕೊಂಡರು. "ಸರಿ ಬಿಡು. ನನ್ನ ಕುತ್ತಿಗೆ ಆ ಕಡೆ ತಿರುಗಲ್ಲ, ನೋವು. ಮೈನೇ ತಿರುಗಿಸ್ತೀನಿ."

ಆಟ ಶುರುವಾಯಿತು. ಆಡಿಸುವವರು ಹನ್ನೊಂದು ಮಂದಿಯನ್ನು ಒಬ್ಬೊಬ್ಬರಾಗಿ ಕರೆದರು. ಒಬ್ಬೊಬ್ಬರೂ ಬಂದು ಸುಣ್ಣದ ಗೆರೆ ಮುಟ್ಟಿ ಒಳಗೆ ಹೋದರು. ಚೆಂಡು ಹೋಯಿತು, ಚೆಂಡು ಬಂತು, ಊರು ನೋಡಿತು. ಗೋಲು ಕಾಯುವವನು ಚೆಂಡು ಬಲೆಗೆ ಬಿದ್ದ ಮೇಲೆ ಹಾರಿದ. ಎಡಬದಿಯವನು ಬಲಗಾಲನ್ನು ಹುಡುಕುತ್ತ ತನ್ನ ಸುತ್ತಲೇ ತಿರುಗಿದ. ಮುಂದೆ ಆಡುವವಳು ಹೊಡೆದಳು. ಏಳನೆಯ ಮೆಟ್ಟಿಲು ಖಾಲಿಯಾಗಿ ಕಾದಿತ್ತು. ಒಂದಾಯಿತು, ಎರಡಾಯಿತು, ನಾಲ್ಕಾಯಿತು. ಊರು ಪ್ರತಿ ಸಲ ಮುಖ ತಿರುಗಿಸಿತು. ಐದನೆಯದು ಬಿದ್ದಾಗ ವಿರಾಮ.

ಕೇಳುವಾತ ಕಿವಿಯಿಂದ ಹತ್ತಿ ತೆಗೆದ. ಊರು ಎದ್ದು ನಿಂತಿತು.

ನೋಡುವವಳು ಹಲಗೆಯ ಕಡೆ ತಿರುಗಿದಳು. ಪಕ್ಕದಲ್ಲಿ ಅಜ್ಜ ಹಲ್ಲು ಕಚ್ಚಿ ಇಡೀ ಮೈಯನ್ನು ತಿರುಗಿಸಿದರು. ಅವರ ಹಿಂದಿನ ಸಾಲು ತಿರುಗಿತು. ಎದುರು ಮೆಟ್ಟಿಲುಗಳಲ್ಲಿ ಕೆಲವರು ತಿರುಗಿದರು, ಕೆಲವರು ತಿರುಗಲೋ ಬೇಡವೋ ಎಂದು ಅಕ್ಕಪಕ್ಕ ನೋಡಿದರು. ತಿರುಗಿದವರನ್ನು ನೋಡಿ ಅವರೂ ತಿರುಗಿದರು. ಬಾಗಿಲು ಮುಚ್ಚಿದವರೂ ಅವರಲ್ಲಿದ್ದರು. ಸೋಲನ್ನು ನೋಡಲಾರದೆ ಮುಖ ತಿರುಗಿಸಿ ಅಭ್ಯಾಸವಾಗಿದ್ದ ಜನಕ್ಕೆ ಮುಖ ತಿರುಗಿಸುವುದೇನೂ ಕಷ್ಟವಾಗಲಿಲ್ಲ. ಹಲಗೆಯವಳು ಮೊದಲು ನೆಲ ನೋಡುತ್ತಿದ್ದಳು. ತನ್ನ ಮೇಲೆ ಏನೋ ಬಿದ್ದಂತಾಗಿ ತಲೆಯೆತ್ತಿದಳು. ನಾಲ್ಕೂ ಕಡೆಯಿಂದ ಮುಖಗಳು.

"ಸಾಕು!" ಎಂದಿತು ಊರು.

ಕೇಳುವಾತ ಬರೆದ. ಅವನು ಬರೆದದ್ದು ಹಿಂದಿನ ಹನ್ನೆರಡು ಪುಟಗಳಲ್ಲಿದ್ದುದೇ. ಆ ಊರಿನ ಲಿಪಿಯಲ್ಲಿ ಹೆಸರಿಗೆ ಬೇರೆ ಅಕ್ಷರವಿಲ್ಲ. ಆದರೆ ಬರೆದು ಮುಗಿಸಿ ತಲೆಯೆತ್ತಿದಾಗ, ಊರು ಎತ್ತ ನೋಡುತ್ತಿದೆಯೆಂಬುದನ್ನು ಅವನೂ ನೋಡಿದ. ಲೇಖನಿ ಕೈಯಲ್ಲೇ ಉಳಿಯಿತು.

ಹಲಗೆಯವಳು ಎದ್ದಳು. ಗೆರೆಯವರೆಗೆ ನಡೆದು, ಅಲ್ಲಿ ನಿಂತಳು. ಆಡಿಸುವವರು ಅವಳನ್ನು ನೋಡಿದರು, ಹನ್ನೊಂದು ಮಂದಿಯನ್ನು ನೋಡಿದರು. ಒಬ್ಬರು ಹೊರಗೆ ಬರಬೇಕು. ಅದನ್ನು ಹೇಗೆ ಮಾಡುವುದೆಂದು ಅವರಿಗೆ ತಿಳಿದಿರಲಿಲ್ಲ. ಅವರ ಕೈ ಗಾಳಿಯಲ್ಲಿ ಎದ್ದು, ಯಾರನ್ನೂ ತೋರಿಸಲಾರದೆ ಕೆಳಗಿಳಿಯಿತು. ಆಗ ಮುಂದೆ ಆಡುವವಳು ನೆಲಕ್ಕೆ ಕುಳಿತು ಬೂಟಿನ ದಾರ ಬಿಚ್ಚತೊಡಗಿದಳು. ಬರಿಗಾಲಿನಲ್ಲಿ ಗೆರೆ ದಾಟಿ ಬಂದು ಹಲಗೆಯ ಮೇಲೆ ಕುಳಿತಳು. ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆಡಿಸುವವರು ಸ್ವಲ್ಪ ಹೊತ್ತು ನಿಂತಿದ್ದು, ಹೋಗಿ ಅವಳ ಪಕ್ಕದಲ್ಲಿ ಕುಳಿತರು. ಅವರು ಆಟದ ಹೊತ್ತಿನಲ್ಲಿ ಕುಳಿತದ್ದನ್ನು ಊರು ನೋಡಿದ್ದು ಅದೇ ಮೊದಲು.

ಅಕ್ಕ ಗೆರೆ ಮುಟ್ಟಿ ಒಳಗೆ ಹೋದಳು.

ನೋಡುವವಳು ನೋಡಿದಳು. ಅಕ್ಕನೆಂದು ಕಣ್ಣನ್ನು ಮೃದು ಮಾಡಿಕೊಳ್ಳಲಿಲ್ಲ. ಹಾಗೆ ನೋಡುವುದು ಅವಳಿಗೆ ಬರುತ್ತಿರಲಿಲ್ಲ. ಮೊದಲ ಚೆಂಡು ಅಕ್ಕನ ಪಾದದ ಕೆಳಗಿನಿಂದ ಜಾರಿ ಹೋಯಿತು. ಎರಡನೆಯದಕ್ಕೆ ಅವಳು ತಡವಾಗಿ ಓಡಿದಳು. ಮೊಣಕಾಲು ಬಾಗುತ್ತಿರಲಿಲ್ಲ, ಹದಿಮೂರು ವರ್ಷ ಕೂತ ಮೊಣಕಾಲು. ಒಮ್ಮೆ ಬಿದ್ದಳು. ಎದ್ದು, ಯಾರೂ ಇಲ್ಲದ ಕಡೆಗೆ ಚೆಂಡು ಕೊಟ್ಟಳು. ಬಲೆಯ ಎದುರು ಒಬ್ಬಳೇ ನಿಂತಿದ್ದಾಗ ಚೆಂಡು ಬಂತು, ಹೊಡೆದಳು, ಅದು ಕಂಬದಿಂದ ಬಹು ದೂರದಲ್ಲಿ ಹೊರಗೆ ಹೋಯಿತು. ಹೊರಗಿನ ತಂಡ ಇನ್ನೂ ಮೂರು ಗೋಲು ಹೊಡೆದು, ಕೈಮುಗಿದು, ನೀರು ಕುಡಿದು ಹೋಯಿತು.

ಊರು ಮೆಟ್ಟಿಲು ಹತ್ತಿ ಮನೆಗಳಿಗೆ ಹೋಯಿತು. ಹೋಗುವವರಲ್ಲಿ ಕೆಲವರ ಮುಖ ಪ್ರತಿ ವರ್ಷದಂತೆಯೇ ಇತ್ತು. ಅಜ್ಜ ಬಾಗಿಲು ದಾಟಿದ ಕೂಡಲೇ, "ಅಷ್ಟೇ ಕಣವ್ವ, ಇವಳೂ ಅಷ್ಟೇ," ಎಂದು ಕುತ್ತಿಗೆ ನೀವಿಕೊಳ್ಳುತ್ತ ನಡೆದರು.

ಬಾಗಿಲ ಹೊರಗಿನ ಕಲ್ಲಿನ ಮೇಲೆ ಅಕ್ಕ ಕುಳಿತಿದ್ದಳು. ಬೂಟಿನಿಂದ ಮೊಣಕಾಲಿನವರೆಗೆ ಮಣ್ಣು. ಅಂಗೈಯಲ್ಲಿ ತರಚಿದ ಗಾಯ. ತಂಗಿ ಎದುರು ಬಂದು ನಿಂತಾಗ ತಲೆಯೆತ್ತಿದಳು.

"ನಿಜ ಹೇಳು. ಹೇಗೆ ಆಡಿದೆ?"

ಊರಿನ ಬಗ್ಗೆ, ಆಡಿಸುವವರ ಬಗ್ಗೆ, ಹನ್ನೊಂದು ಮಂದಿಯ ಬಗ್ಗೆ ನೋಡುವವಳು ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಈಗ ಹೇಳಬಹುದಿತ್ತು. ಅಕ್ಕ ಇನ್ನೆಂದೂ ಆಡುವವಳಲ್ಲ. ಒಂದು ಸುಳ್ಳಿನಿಂದ ಯಾರಿಗೂ ನಷ್ಟವಿರಲಿಲ್ಲ.

"ಕೆಟ್ಟದಾಗಿ ಆಡಿದೆ ಅಕ್ಕ."

ಅಕ್ಕ ಅವಳನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ನಿಧಾನವಾಗಿ ಏನೋ ಬಿಚ್ಚಿಕೊಂಡಿತು.

"ಏನೇನು ತಪ್ಪು ಮಾಡಿದೆ?"

"ಮೊದಲ ಚೆಂಡಿಗೆ ಪಾದವನ್ನು ಅಗತ್ಯಕ್ಕಿಂತ ಮೇಲೆ ಎತ್ತಿದೆ."

"ಹೌದು, ಎತ್ತಿದೆ. ಆಮೇಲೆ?"

"ಎರಡನೆಯದಕ್ಕೆ ಓಡುವ ಮೊದಲು ಹಲಗೆಯ ಕಡೆ ತಿರುಗಿ ನೋಡಿದೆ. ಅಷ್ಟರಲ್ಲಿ ಹೋಗಿತ್ತು."

"ಯಾಕೆ ನೋಡಿದೆನೋ ಏನೋ! ಅಭ್ಯಾಸ ಕಣೇ." ಅಕ್ಕ ತಂಗಿಯ ಭುಜ ಹಿಡಿದು ಎದ್ದಳು. ಕುಂಟುತ್ತ ಹೆಜ್ಜೆ ಹಾಕಿದಳು. "ಹೇಳು, ಹೇಳು. ಬಿದ್ದೆನಲ್ಲ, ಅದು?"

"ಅದು ನಿನ್ನ ತಪ್ಪಲ್ಲ. ಹೊರಗಿನ ತಂಡದವನು ತಳ್ಳಿದ. ಆದರೆ ಎದ್ದ ಮೇಲೆ ಕೊಟ್ಟ ಚೆಂಡು ನಿನ್ನ ತಪ್ಪು."

"ಅದು ನನ್ನ ತಪ್ಪು," ಎಂದಳು ಅಕ್ಕ, ಒಂದೊಂದು ಅಕ್ಷರವನ್ನೂ ನಾಲಗೆಯ ಮೇಲೆ ಇಟ್ಟುಕೊಂಡು. "ಆಮೇಲೆ?"

ಮನೆ ದೂರವಿತ್ತು. ನೋಡುವವಳು ಬಳಲಿದ್ದಳು. ಆದರೂ ಒಂದನ್ನೂ ಬಿಡದೆ, ದನಿಯೇರಿಸದೆ ಹೇಳುತ್ತ ನಡೆದಳು.